ಓಡಿಸುವಾಗ ಎದೆ ಡವಡವ, ಇಸಿಜಿ ಮಾತ್ರ ನಾರ್ಮಲ್. ಲೈಸೆನ್ಸ್ ಮೆಡಿಕಲ್‌ನಲ್ಲಿ ಹೇಳಬೇಕಾ?

ದೂರದಾರಿ:

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಹೆವಿ ಲೈಸೆನ್ಸ್ ಸಿಕ್ಕಿ ಹದಿನೆಂಟು ವರ್ಷ ಆಯಿತು. ಈಗ ಓಡಿಸುತ್ತಿರುವುದು ಹನ್ನೆರಡು ಚಕ್ರದ ಲಾರಿ. ಬಿಪಿ ಇಲ್ಲ, ಶುಗರ್ ಇಲ್ಲ, ಕುಡಿಯುವುದಿಲ್ಲ.

ನಾಲ್ಕು ತಿಂಗಳ ಹಿಂದೆ ಲೋಡ್ ಇಳಿಸಿ ಟಾರ್ಪಾಲ್ ಮಡಚಲು ಬಗ್ಗಿದ್ದೆ. ಮೇಲೇಳುವಾಗ ಎದೆಯೊಳಗೆ ಯಾರೋ ಸ್ವಿಚ್ ಹಾಕಿದ ಹಾಗೆ ಡವಡವ ಶುರುವಾಯಿತು. ನಿಧಾನವಾಗಿ ಏರಿದ್ದಲ್ಲ, ಒಂದೇ ಏಟಿಗೆ. ಕ್ಲೀನರ್ ಹುಡುಗ ನನ್ನನ್ನೇ ನೋಡುತ್ತಾ ನಿಂತ. "ಅಣ್ಣ, ನಿಮ್ಮ ಕತ್ತು ಕುಣೀತಾ ಇದೆ" ಅಂದ. ಮುಟ್ಟಿ ನೋಡಿಕೊಂಡೆ, ಅಂಗಿಯ ಕಾಲರ್ ಕೂಡ ಅಲುಗಾಡುತ್ತಿತ್ತು. ಸುಮಾರು ಹತ್ತು ನಿಮಿಷ ಹಾಗೇ ಇತ್ತು. ಆಮೇಲೆ ಸ್ವಿಚ್ ಆರಿಸಿದ ಹಾಗೆ ಟಕ್ ಅಂತ ನಿಂತಿತು. ನಿಂತ ಮೇಲೆ ಒಂದು ಗಂಟೆಯೊಳಗೆ ಮೂರು ಸಲ ಮೂತ್ರಕ್ಕೆ ಹೋಗಬೇಕಾಯಿತು, ಅದೂ ಜಾಸ್ತಿ ಜಾಸ್ತಿ.

ಇನ್ನೂ ಮೂರು ಸಲ ಹೀಗೇ ಆಯಿತು. ಮೂರೂ ಸಲ ಗಾಡಿ ನಿಂತಿತ್ತು, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಕಳೆದ ವಾರ ಓಡಿಸುವಾಗಲೇ ಬಂತು. ರಾತ್ರಿ ಎರಡೂವರೆ, ಪೂರ್ತಿ ಲೋಡ್. ಎದುರಿನ ಗಾಡಿಯ ಲೈಟು ದೂರ ದೂರ ಹೋದ ಹಾಗೆ, ಕಣ್ಣಿನ ಅಂಚಿನಿಂದ ಕತ್ತಲೆ ಒಳಗೆ ಬಂದ ಹಾಗೆ ಆಯಿತು. ಹೇಗೋ ಸೈಡಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಸ್ಟೇರಿಂಗ್ ಮೇಲೆ ಹಣೆ ಇಟ್ಟು ಕೂತೆ. ಪ್ರಜ್ಞೆ ತಪ್ಪಲಿಲ್ಲ. ಆದರೆ ನಾಲ್ಕೂ ಇಂಡಿಕೇಟರ್ ಉರಿಯುತ್ತಿದ್ದವು, ಅವನ್ನು ನಾನು ಯಾವಾಗ ಹಾಕಿದೆ ಅನ್ನುವುದು ನೆನಪಿಲ್ಲ.

ಮಾರನೇ ದಿನ ಇಸಿಜಿ ಮಾಡಿಸಿದೆ. ನಾರ್ಮಲ್. "ಟೆನ್ಶನ್ ಇರಬೇಕು, ಚೆನ್ನಾಗಿ ನಿದ್ದೆ ಮಾಡಿ" ಎಂದು ಕಳಿಸಿದರು.

ಮುಂದಿನ ತಿಂಗಳು ಲೈಸೆನ್ಸ್ ನವೀಕರಣಕ್ಕೆ ಮೆಡಿಕಲ್ ಇದೆ. ಫಾರ್ಮಿನಲ್ಲಿ ತಲೆಸುತ್ತು ಬಂದು, ಪ್ರಜ್ಞೆ ತಪ್ಪಿದ್ದುಂಟಾ ಅಂತ ಕೇಳುವ ಒಂದು ಸಾಲಿದೆ. ಪೆನ್ನು ಅಲ್ಲಿಗೆ ಬಂದು ನಿಲ್ಲುತ್ತಿದೆ. ಜೊತೆಯ ಡ್ರೈವರ್ ಒಬ್ಬ, "ಇಸಿಜಿ ನಾರ್ಮಲ್ ಇದೆ ತಾನೇ, ಬಾಯಿ ಮುಚ್ಚಿಕೊಂಡು ಸಹಿ ಹಾಕಿಸಿಕೋ. ಬಾಯಿ ಬಿಟ್ಟರೆ ಲೈಸೆನ್ಸ್ ಹೋಯಿತು ಅಂತಲೇ ಲೆಕ್ಕ" ಅಂದ. ಮನೆಯಲ್ಲಿ ಇಬ್ಬರು ಮಕ್ಕಳು, ದುಡಿಯುವವನು ನಾನೊಬ್ಬನೇ. ಬೇರೆ ಕೆಲಸ ಗೊತ್ತಿಲ್ಲ.

ಇಸಿಜಿ ನಾರ್ಮಲ್ ಬಂದರೂ ಹೃದಯದಲ್ಲಿ ತೊಂದರೆ ಇರುತ್ತದಾ? ಹೇಳಿದರೆ ಲೈಸೆನ್ಸ್ ಶಾಶ್ವತವಾಗಿ ಹೋಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳೇ ಸ್ಟೇರಿಂಗ್:

ತಮ್ಮಾ, ಮೊದಲು ಗಾಡಿಯ ಕೀಲಿ ಓನರ್ ಕೈಗೆ ಕೊಡು. ಮೆಡಿಕಲ್ ಮುಂದಿನ ತಿಂಗಳು ಇರಲಿ, ನಿನ್ನ ಸಮಸ್ಯೆ ಇವತ್ತಿನದು. ಹೃದಯದ ಡಾಕ್ಟರು ನೋಡಿ ಓಡಿಸಬಹುದು ಅನ್ನುವ ತನಕ ಸ್ಟೇರಿಂಗ್ ಮುಟ್ಟಬೇಡ. ಬೈಕೂ ಬೇಡ.

ಇಷ್ಟು ಕಟುವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಹೇಳದೆ ಎಂಟು ತಿಂಗಳು ಓಡಿಸಿದವನು.

ನಾನು ಬಸ್ ಡ್ರೈವರ್, ಇಪ್ಪತ್ತಾರು ವರ್ಷದ ಸರ್ವೀಸ್. 51ನೇ ವಯಸ್ಸಿಗೆ ಶುರುವಾಯಿತು. ನಿನ್ನ ಹಾಗೆ ಸ್ವಿಚ್ ಹಾಕಿದ್ದಲ್ಲ. ನನ್ನದು ಮಿಸ್ ಹೊಡೆಯುವ ಇಂಜಿನ್. ಎರಡು ಬಡಿತ ಬೇಗ, ಒಂದು ತಡ, ಆಮೇಲೆ ನಾಲ್ಕು ಒಟ್ಟೊಟ್ಟಿಗೆ, ಲೆಕ್ಕಕ್ಕೇ ಸಿಗದು. ಎಟ್ರಿಯಲ್ ಫಿಬ್ರಿಲೇಶನ್ ಅಂತ ಹೆಸರು ಎಂದು ಆಮೇಲೆ ಗೊತ್ತಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಮೆಡಿಕಲ್ ದಿನ ಅದೃಷ್ಟಕ್ಕೆ ಬಡಿತ ಸರಿಯಾಗಿತ್ತು, ಕೇಳಿದ್ದಕ್ಕೆಲ್ಲ "ಇಲ್ಲ, ಇಲ್ಲ" ಅಂದೆ. ಆ ಹಾಳೆಯ ಮೇಲೆ ನನ್ನ ಸಹಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಒಂದು ಬೆಳಗಿನ ಜಾವ, ಬಸ್ಸಿನಲ್ಲಿ 41 ಜನ. ಹೆಚ್ಚುಕಡಿಮೆ ಎಲ್ಲರೂ ನಿದ್ದೆ. ಇದ್ದಕ್ಕಿದ್ದ ಹಾಗೆ ಎಡಗಡೆಯ ಚಕ್ರ ಮಣ್ಣಿಗೆ ಇಳಿದ ಸದ್ದು ಕೇಳಿತು. ಅದಕ್ಕೆ ಮೊದಲು ಎಷ್ಟು ದೂರ ಬಂದಿದ್ದೆ ಅನ್ನುವುದು ತಲೆಯಲ್ಲಿ ಇಲ್ಲವೇ ಇಲ್ಲ. ಕಂಡಕ್ಟರ್ ಬಂದು ಭುಜ ಹಿಡಿದ. ಗಾಡಿ ಎಂಬತ್ತರಲ್ಲಿತ್ತು. ಎಂಬತ್ತರಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ, ಐದು ಸೆಕೆಂಡ್ ಮಂಕಾದರೆ 110 ಮೀಟರ್ ದಾಟಿರುತ್ತದೆ. ಹಿಂದಿನ ಸೀಟಿನಲ್ಲಿ ಒಬ್ಬ ತಾಯಿ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡಿದ್ದಳು. ಮಗು ಎದ್ದಿರಲೂ ಇಲ್ಲ. ಅವತ್ತು ಡಿಪೋಗೆ ಬಂದು ನಾನೇ ಬರೆದುಕೊಟ್ಟೆ.

ಆರು ತಿಂಗಳು ಸ್ಟೇರಿಂಗ್‌ನಿಂದ ದೂರ. ಡಿಪೋದಲ್ಲಿ ಟೈರು, ಡೀಸೆಲ್ ಲೆಕ್ಕ ಬರೆಯುವ ಕೆಲಸ ಕೊಟ್ಟರು. ಸಂಬಳ ಕಡಿಮೆಯಾಯಿತು, ಸುಳ್ಳು ಹೇಳಲ್ಲ. ಆಮೇಲೆ ವಾಪಸ್ ಬಂದು ಐದು ವರ್ಷ ಓಡಿಸಿ ನಿವೃತ್ತಿ ಆದೆ. ವರ್ಷಕ್ಕೊಮ್ಮೆ ಹೃದಯದ ಡಾಕ್ಟರ ಪತ್ರ ಕೊಡಬೇಕಿತ್ತು, ಅಷ್ಟೇ.

ಆ ಆರು ತಿಂಗಳಲ್ಲಿ ಕಲಿತದ್ದರಲ್ಲಿ ಎರಡು ಮೂರು ಸಂಗತಿ ನಮ್ಮಂಥ ಡ್ರೈವರುಗಳಿಗೆ ಬೇಕು. ಮೊದಲನೆಯದು ಗೊರಕೆ. ನನ್ನ ಗೊರಕೆಗೆ ಮನೆಯವರು ಬೇರೆ ಕೋಣೆಗೆ ಹೋಗಿ ಮಲಗುತ್ತಿದ್ದರು. ಡಾಕ್ಟರು ನಿದ್ದೆಯ ಪರೀಕ್ಷೆ ಮಾಡಿಸಿದರೆ ರಾತ್ರಿಯೆಲ್ಲ ಉಸಿರು ಕಟ್ಟಿ ಕಟ್ಟಿ ಬಿಡುತ್ತಿತ್ತು. ಸ್ಲೀಪ್ ಎಪ್ನಿಯಾ ಅನ್ನುತ್ತಾರೆ. ಅದಕ್ಕೂ ಬಡಿತದ ಏರುಪೇರಿಗೂ ನಂಟಿದೆ. ಮೂಗಿಗೆ ಮಾಸ್ಕ್ ಹಾಕಿ ಮಲಗಲು ಶುರು ಮಾಡಿದ ಮೇಲೆ ಡವಡವವೂ ಕಡಿಮೆಯಾಯಿತು, ಹಗಲು ತೂಕಡಿಕೆಯೂ ಹೋಯಿತು.

ಇನ್ನೊಂದು ಮಾತ್ರೆ. ನನಗೆ ಸ್ವಲ್ಪ ದಿನ ಬಡಿತ ಹದಕ್ಕೆ ತರುವ ಎಮಿಯೋಡರೋನ್ ಕೊಟ್ಟಿದ್ದರು. ಅದು ಕಣ್ಣಿನ ಪಾಪೆಯ ಮೇಲಿನ ಪೊರೆಯಲ್ಲಿ ಸಣ್ಣ ಸಣ್ಣ ಕಣವಾಗಿ ಕೂರುತ್ತದೆ. ಕೆಲವರಿಗೆ ರಾತ್ರಿ ಎದುರಿನ ಹೆಡ್‌ಲೈಟ್ ಸುತ್ತ ಉಂಗುರ ಕಂಡು ಕಣ್ಣು ಕುಕ್ಕುತ್ತದೆ. ನನಗೆ ಹಾಗಾಯಿತು. ಡಾಕ್ಟರಿಗೆ ನಾನು ರಾತ್ರಿ ಬಸ್ ಓಡಿಸುವವನು ಅಂತ ಹೇಳಿದ ಮೇಲೆ ಮಾತ್ರೆ ಬದಲಾಯಿಸಿದರು. ಯಾವ ಮಾತ್ರೆ ಬರೆದುಕೊಟ್ಟರೂ "ನಾನು ಹೆವಿ ಓಡಿಸುತ್ತೇನೆ" ಅಂತ ಹೇಳು. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ರಕ್ತ ತೆಳುವಾಗುವ ಮಾತ್ರೆಯೂ ತಗೋತಿದ್ದೇನೆ. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಸುಮ್ನೆ ನಡುಗುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದಂತೆ. ನನ್ನ ತರಹದವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು. ಆ ಮಾತ್ರೆ ತಗೋತಿದ್ದೇನೆ ಅನ್ನುವ ಕಾರಣಕ್ಕೆ ನನ್ನನ್ನು ಯಾರೂ ಗಾಡಿಯಿಂದ ಇಳಿಸಲಿಲ್ಲ.

ಇನ್ನು ಮುಂದೆ ಬಂದಾಗಲೆಲ್ಲ ಬರೆದಿಡು. ತಾರೀಖು, ಹೊತ್ತು, ಏನು ಮಾಡುತ್ತಿದ್ದೆ, ಹೇಗೆ ಶುರುವಾಯಿತು, ಹೇಗೆ ನಿಂತಿತು, ಎಷ್ಟು ನಿಮಿಷ. ಆಗಲೇ ಯಾವುದಾದರೂ ಆಸ್ಪತ್ರೆ ಹತ್ತಿರ ಇದ್ದರೆ ಯಾರನ್ನಾದರೂ ಕರೆದುಕೊಂಡು ಓಡು. ಡವಡವ ಇರುವಾಗಲೇ ತೆಗೆದ ಇಸಿಜಿ ಚೀಟಿ ಸಿಕ್ಕಿತೋ, ಅದು ಚಿನ್ನ.

ತಂತಿ ಲ್ಯಾಬ್:

ನಾನು ಹೃದಯ ಬಡಿತದ ಪರೀಕ್ಷೆ ಮತ್ತು ಅಬ್ಲೇಶನ್ (ಬಡಿತ ಕೆಡಿಸುವ ಜಾಗವನ್ನು ತಂತಿಯಿಂದ ಸುಟ್ಟು ಮುಚ್ಚುವುದು) ಮಾಡುವ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಪರೀಕ್ಷೆ ಇಲ್ಲದೆ ನಿಮ್ಮ ಕಾಯಿಲೆ ಇದೇ ಅಂತ ನಾನು ಹೇಳಬಾರದು. ಆದರೆ ನೀವು ಬರೆದದ್ದು ಓದುತ್ತಾ ಸುಮ್ಮನಿರಲು ಆಗಲಿಲ್ಲ.

ಇಸಿಜಿ ನಾರ್ಮಲ್ ಯಾಕೆ ಬಂತು ಅಂದಿರಿ. ಸಾಮಾನ್ಯ ಇಸಿಜಿ ಹಾಳೆಯಲ್ಲಿ ಇರುವುದು 10 ಸೆಕೆಂಡಿನ ಬಡಿತ. ಒಂದು ದಿನಕ್ಕೆ ಹೃದಯ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅದರಲ್ಲಿ ಹತ್ತು ಹನ್ನೆರಡು ಬಡಿತ ನೋಡಿ "ಎಲ್ಲ ಸರಿ ಇದೆ" ಅನ್ನುವುದು ಹೇಗೆ? ಅವತ್ತು ಆ ಹೊತ್ತಿನಲ್ಲಿ ಸರಿ ಇತ್ತು ಅಂತ ಮಾತ್ರ ಆ ಹಾಳೆ ಹೇಳುತ್ತದೆ. ಇದಕ್ಕೇ ಹೋಲ್ಟರ್ ಇರುವುದು, ಎದೆಗೆ ಅಂಟಿಸಿ 24 ಅಥವಾ 48 ಗಂಟೆ ಬಡಿತ ಬರೆದುಕೊಳ್ಳುವ ಪೆಟ್ಟಿಗೆ. ನಾರ್ಮನ್ ಹೋಲ್ಟರ್ ಅಂತ ಅಮೆರಿಕದ ವಿಜ್ಞಾನಿ 1940ರ ದಶಕದಲ್ಲಿ ಮಾಡಿದ ಮೊದಲ ಯಂತ್ರ 38 ಕೆಜಿ ತೂಗುತ್ತಿತ್ತು, ಅದನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯಬೇಕಿತ್ತು. ಈಗಿನದು ಅಂಗಿಯೊಳಗೆ ಗೊತ್ತೇ ಆಗಲ್ಲ. ನಿಮಗೆ ತಿಂಗಳಿಗೊಮ್ಮೆ ಬರುವಂಥದ್ದು 48 ಗಂಟೆಯಲ್ಲೂ ಸಿಗದೇ ಹೋಗಬಹುದು. ಆಗ 14 ದಿನ ಅಂಟಿಸಿಕೊಂಡೇ ಇರುವ ಪ್ಯಾಚ್ ಇದೆ, ಕೇಳಿ ಹಾಕಿಸಿಕೊಳ್ಳಿ.

ಸ್ವಿಚ್ ಹಾಕಿದ ಹಾಗೆ ಶುರು, ಆರಿಸಿದ ಹಾಗೆ ನಿಲ್ಲುವುದು, ಬಗ್ಗಿ ಏಳುವಾಗ ಬರುವುದು, ಕತ್ತಿನಲ್ಲಿ ಬಡಿತ ಕಾಣುವುದು. ಇಷ್ಟನ್ನೂ ರೋಗಿಗಳ ಬಾಯಿಂದ ವಾರಕ್ಕೆರಡು ಸಲ ಕೇಳುತ್ತೇನೆ. ಇವರಲ್ಲಿ ಜಾಸ್ತಿ ಜನಕ್ಕೆ ಇರುವುದು ಎಸ್‌ವಿಟಿ, ಅಂದರೆ ಹೃದಯದ ಕೆಳಗಿನ ಕೋಣೆಗಿಂತ ಮೇಲೆ ಹುಟ್ಟುವ ದಿಢೀರ್ ಓಟ. ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಕರೆಂಟ್ ಇಳಿಯುವ ಒಂದು ಜಂಕ್ಷನ್ ಇದೆ. ಕೆಲವರಿಗೆ ಆ ಜಂಕ್ಷನ್‌ನಲ್ಲಿ ಎರಡು ದಾರಿ ಇರುತ್ತವೆ, ಒಂದು ವೇಗದ್ದು, ಒಂದು ನಿಧಾನದ್ದು. ಒಂದು ಬಡಿತ ಹೊತ್ತಲ್ಲದ ಹೊತ್ತಿಗೆ ಬಂದರೆ ಒಂದು ದಾರಿಯಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಸುತ್ತುತ್ತಲೇ ಇರುತ್ತದೆ. ನಿಮಿಷಕ್ಕೆ 150ರಿಂದ 250ರ ತನಕ ಹೋಗುತ್ತದೆ. ಮೂತ್ರದ ವಿಷಯ ಬರೆದದ್ದು ಒಳ್ಳೆಯದಾಯಿತು, ನಾಚಿಕೆಗೆ ಯಾರೂ ಹೇಳುವುದಿಲ್ಲ. ಮೇಲಿನ ಕೋಣೆ ಹಿಗ್ಗಿದಾಗ ಅದೇ ಒಂದು ಹಾರ್ಮೋನ್ ಬಿಡುತ್ತದೆ, ಅದು ಕಿಡ್ನಿಗೆ ನೀರು ಹೊರಗೆ ಹಾಕು ಅನ್ನುತ್ತದೆ.

ಆದರೆ ಎದೆ ಡವಡವ ಅಂದರೆಲ್ಲ ಎಸ್‌ವಿಟಿ ಅಲ್ಲ. ಆರೋಗ್ಯವಾಗಿರುವ ಹೃದಯದಲ್ಲೂ ಆಗಾಗ ಒಂದೊಂದು ಬಡಿತ ಮೊದಲೇ ಬಂದು "ಧಡಕ್" ಅನ್ನುತ್ತದೆ, ಬಹಳ ಸಲ ಅದಕ್ಕೆ ಹೆದರಬೇಕಾಗಿಲ್ಲ. ಹಾರ್ಟ್ ಅಟ್ಯಾಕ್ ಆಗಿ ಕಲೆ ಉಳಿದ ಹೃದಯದ ಕೆಳಗಿನ ಕೋಣೆಯಿಂದ ಬರುವ ಓಟ ಜೀವಕ್ಕೇ ಅಪಾಯ. ಹುಟ್ಟಿನಿಂದಲೇ ಹೆಚ್ಚುವರಿ ತಂತಿ ಇರುವ ಡಬ್ಲ್ಯೂಪಿಡಬ್ಲ್ಯೂ ಅಂತ ಒಂದಿದೆ. ಅವರಿಗೆ ಮೇಲಿನ ಕೋಣೆ ನಡುಗಲು ಶುರುವಾದರೆ ಆ ನಡುಕ ಅಡ್ಡದಾರಿಯಲ್ಲಿ ನೇರ ಕೆಳಗಿಳಿದು ಹೃದಯವೇ ನಿಲ್ಲಬಹುದು. ಅದಕ್ಕೇ ಯಾವ ಬಡಿತ ಅನ್ನುವ ಹೆಸರು ಮೊದಲು ಗೊತ್ತಾಗಬೇಕು. ಲೈಸೆನ್ಸ್ ಮಾತು ಆಮೇಲೆ.

ಲೈಸೆನ್ಸ್ ಬಗ್ಗೆ. ಒಂದೊಂದು ದೇಶಕ್ಕೆ ಒಂದೊಂದು ನಿಯಮ. ಎಲ್ಲ ಕಡೆ ಕೇಳುವುದು ಮಾತ್ರ ಹೆಚ್ಚುಕಡಿಮೆ ಒಂದೇ: ಈ ಬಡಿತ ಬಂದಾಗ ಮನುಷ್ಯ ಇದ್ದಕ್ಕಿದ್ದ ಹಾಗೆ ಕೈಬಿಟ್ಟು ಬೀಳುತ್ತಾನಾ? ಕೆನಡಾದ ಹೃದಯ ತಜ್ಞರ ಸಂಘ 1992ರಲ್ಲಿ ಒಂದು ಲೆಕ್ಕ ಹಾಕಿತು. ಸ್ವಂತ ಕಾರು ಓಡಿಸುವವರು ದಿನದ 4% ಹೊತ್ತು ಸ್ಟೇರಿಂಗ್ ಹಿಂದೆ ಇರುತ್ತಾರೆ, ಲಾರಿ ಡ್ರೈವರ್ 25% ಹೊತ್ತು. ಲಾರಿ ಗುದ್ದಿದರೆ ಆಗುವ ಹಾನಿ 1 ಅಂತಿಟ್ಟುಕೊಂಡರೆ ಕಾರಿನದು 0.28. ಗುಣಿಸಿ ನೋಡಿದರೆ, ವರ್ಷದಲ್ಲಿ ದಿಢೀರನೆ ಬೀಳುವ ಸಾಧ್ಯತೆ 22% ಇರುವ ಕಾರಿನವನೂ, ಬರೀ 1% ಇರುವ ಲಾರಿಯವನೂ ರಸ್ತೆಗೆ ಒಂದೇ ಅಪಾಯ. ನಿಮಗೆ ನಿಯಮ ಬಿಗಿ ಯಾಕೆ ಅನ್ನುವುದು ಇದರಲ್ಲೇ ಇದೆ. ನಿಮ್ಮ ಮೇಲೆ ಯಾರಿಗೂ ಹಗೆ ಇಲ್ಲ.

ಹಾಗಂತ ಶಾಶ್ವತವಾಗಿ ಹೋಯಿತು ಅನ್ನುವುದು ತಪ್ಪು. ಬ್ರಿಟನ್‌ನಲ್ಲಿ ಲಾರಿ, ಬಸ್ಸಿನವರಿಗೆ ಇಂಥ ಬಡಿತ ಕನಿಷ್ಠ 3 ತಿಂಗಳು ಹತೋಟಿಯಲ್ಲಿರಬೇಕು, ಹೃದಯದ ಹಿಂಡುವ ಶಕ್ತಿ (ಒಂದು ಬಡಿತಕ್ಕೆ ಕೆಳಗಿನ ಕೋಣೆ ಹೊರಗೆ ತಳ್ಳುವ ರಕ್ತದ ಪಾಲು) ಕನಿಷ್ಠ 40% ಇರಬೇಕು. ಮೈ ಮೇಲಿನ ಹತೋಟಿ ತಪ್ಪಿಸುವ ಬಡಿತವನ್ನು ಅಬ್ಲೇಶನ್ ಮಾಡಿ ಸರಿಪಡಿಸಿದರೆ 6 ವಾರ ಕಾಯಬೇಕು. ನಿಮ್ಮಲ್ಲಿ ಎಷ್ಟು ಅಂತ ನಿಮ್ಮ ಡಾಕ್ಟರನ್ನೂ ಲೈಸೆನ್ಸ್ ಕಚೇರಿಯನ್ನೂ ಕೇಳಿ. ಜಂಕ್ಷನ್‌ನ ಎಸ್‌ವಿಟಿ ಆಗಿದ್ದರೆ ಅಬ್ಲೇಶನ್‌ನಲ್ಲಿ 100ಕ್ಕೆ 95ಕ್ಕಿಂತ ಜಾಸ್ತಿ ಜನಕ್ಕೆ ವಾಸಿಯಾಗುತ್ತದೆ.

ಅಲ್ಲಿಯವರೆಗೆ ಬಂದರೆ ಏನು ಮಾಡಬೇಕು: ಕೂತು, 10 ಎಂಎಲ್ ಸಿರಿಂಜ್‌ನ ತುದಿಗೆ ಬಾಯಿ ಇಟ್ಟು, ಒಳಗಿನ ಕಡ್ಡಿ ಸ್ವಲ್ಪ ಅಲುಗುವಷ್ಟು ಜೋರಾಗಿ 15 ಸೆಕೆಂಡ್ ಊದಿ. ಕೂಡಲೇ ಅಂಗಾತ ಮಲಗಿ, ಯಾರಾದರೂ ನಿಮ್ಮ ಎರಡೂ ಕಾಲು ಎತ್ತಿ 15 ಸೆಕೆಂಡ್ ಹಿಡಿಯಲಿ. 2015ರಲ್ಲಿ ಬ್ರಿಟನ್‌ನಲ್ಲಿ ನಡೆದ ಅಧ್ಯಯನದಲ್ಲಿ ಹೀಗೆ ಮಾಡಿದವರಲ್ಲಿ 43% ಜನಕ್ಕೆ ಬಡಿತ ಸರಿಹೋಯಿತು. ಕಾಲು ಎತ್ತದೆ ಬರೀ ಊದಿದವರಲ್ಲಿ 17%. ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿಕೊಂಡು ಕಲಿಯಿರಿ. ಎದೆನೋವು ಬಂದರೆ, ಕಣ್ಣು ಕತ್ತಲಾದರೆ ಇದನ್ನೆಲ್ಲ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ.

ಮೂರನೇ ಗೇರ್:

ನನ್ನ ಯಜಮಾನರು ಟ್ಯಾಂಕರ್ ಓಡಿಸುತ್ತಿದ್ದರು. ಇಲ್ಲಿ ಎಲ್ಲರೂ ವಾಪಸ್ ಬಂದೆ ಅನ್ನುತ್ತಿದ್ದಾರೆ. ಬಾರದವರ ಮಾತೂ ಇರಲಿ ಅಂತ ಬರೆಯುತ್ತಿದ್ದೇನೆ.

ಅವರಿಗೆ ಹಾರ್ಟ್ ಅಟ್ಯಾಕ್ ಆದ ಎರಡು ವರ್ಷಕ್ಕೆ ಕೆಳಗಿನ ಕೋಣೆಯ ಓಟ ಬಂತು. ಮನೆಯಲ್ಲೇ ಬಿದ್ದರು, ಪುಣ್ಯ. ಎದೆಯೊಳಗೆ ಐಸಿಡಿ ಅನ್ನುವ ಪುಟ್ಟ ಯಂತ್ರ ಕೂರಿಸಿದರು. ಬಡಿತ ಕೆಟ್ಟರೆ ಅದೇ ಶಾಕ್ ಕೊಟ್ಟು ಸರಿ ಮಾಡುತ್ತದೆ. ಒಂದು ಸಲ ಕೊಟ್ಟಿದೆ. ಕುದುರೆ ಒದ್ದ ಹಾಗಿತ್ತು ಅಂದರು. ಕೈಯಲ್ಲಿದ್ದ ಲೋಟ ಗೋಡೆಗೆ ಹೋಗಿ ಬಡಿದಿತ್ತು. ಆ ಕೈಯಲ್ಲಿ ಸ್ಟೇರಿಂಗ್ ಇದ್ದಿದ್ದರೆ?

ಐಸಿಡಿ ಇದ್ದವರಿಗೆ ಬ್ರಿಟನ್‌ನಲ್ಲೂ ಲಾರಿ, ಬಸ್ಸು ಓಡಿಸಲು ಬಿಡುವುದಿಲ್ಲವಂತೆ. ಪೇಸ್‌ಮೇಕರ್ ಬೇರೆ, ಅದು ನಿಧಾನವಾದ ಬಡಿತವನ್ನು ನಡೆಸುವ ಯಂತ್ರ. ಅದಕ್ಕೆ 6 ವಾರ ಕಾದರೆ ಸಾಕು. ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ನಮ್ಮವರ ಹೆವಿ ಲೈಸೆನ್ಸ್ ಹೋಯಿತು. ಒಂದು ವರ್ಷ ಅವರು ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ರಸ್ತೆಯಲ್ಲಿ ಏರ್ ಬ್ರೇಕ್ ಸದ್ದು ಕೇಳಿದರೆ ಕಿಟಕಿಗೆ ಹೋಗಿ ನಿಲ್ಲುತ್ತಿದ್ದರು. ಈಗ ಅದೇ ಓನರ್ ಹತ್ತಿರ ಗಾಡಿಗಳಿಗೆ ಟ್ರಿಪ್ ಹಾಕುವ ಕೆಲಸ ಮಾಡುತ್ತಾರೆ. ಯಾವ ರಸ್ತೆ, ಎಲ್ಲಿ ನಿಲ್ಲಬೇಕು, ಯಾರು ನಿದ್ದೆಗೆಟ್ಟಿದ್ದಾರೆ, ಎಲ್ಲ ಅವರಿಗೆ ಗೊತ್ತು. ಡ್ರೈವರ್‌ಗಳು ಮೊದಲು ಅವರಿಗೇ ಫೋನ್ ಮಾಡುತ್ತಾರೆ.

ತಮ್ಮ, ನಿನ್ನ ಹೆಂಡತಿಗೆ ಹೇಳಿದ್ದೀಯಾ? ನೀನು ಬರೆದದ್ದರಲ್ಲಿ ಅವಳ ಸುದ್ದಿ ಇಲ್ಲ. ಇವತ್ತೇ ಹೇಳು. ನಮ್ಮವರು ಬೀಳುವ ಎಂಟು ತಿಂಗಳ ಮೊದಲೇ ಅವರ ಎದೆ ಡವಡವದ ಬಗ್ಗೆ ನನಗೆ ಗೊತ್ತಾಗಿದ್ದರೆ ನಾನು ಎಳೆದುಕೊಂಡು ಹೋಗುತ್ತಿದ್ದೆ.

ದೂರದಾರಿ:

ಏಳು ವಾರ ಆಯಿತು, ಕ್ಷಮಿಸಿ. ಅವತ್ತು ರಾತ್ರಿಯೇ ಮನೆಯವಳಿಗೆ ಹೇಳಿದೆ ಅಕ್ಕ. ಮೊದಲು ಅತ್ತಳು, ಆಮೇಲೆ ಬೈದಳು, ಬೆಳಿಗ್ಗೆ ನನಗಿಂತ ಮುಂಚೆ ಹೊರಟು ನಿಂತಿದ್ದಳು.

ಓನರ್‌ಗೆ ಕೀಲಿ ಕೊಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಕೀಲಿಯನ್ನೇ ನೋಡಿ, "ಲೋಡಿಂಗ್ ಹತ್ತಿರ ನಿಂತು ಲೆಕ್ಕ ನೋಡಿಕೋ" ಅಂದರು. ದಿನದ ಭತ್ಯೆ ಸಿಗಲ್ಲ, ಸಂಬಳ ಸಿಗುತ್ತದೆ. ಕಷ್ಟ ಇದೆ, ನಡೆಯುತ್ತಿದೆ.

48 ಗಂಟೆ ಹೋಲ್ಟರ್‌ನಲ್ಲಿ ಏನೂ ಸಿಗಲಿಲ್ಲ. ಲ್ಯಾಬ್ ಅಕ್ಕ ಹೇಳಿದ್ದರಿಂದ ನಾನೇ ಪ್ಯಾಚ್ ಕೇಳಿದೆ. ಒಂಬತ್ತನೇ ದಿನ ಶೂ ಲೇಸ್ ಕಟ್ಟುವಾಗ ಬಂತು. ಏಳು ನಿಮಿಷ, ನಿಮಿಷಕ್ಕೆ 196. ಡಾಕ್ಟರು ಆ ಕಾಗದ ತೋರಿಸಿದರು. ನೇರ ಓಡುತ್ತಿದ್ದ ಗೆರೆ ಒಂದು ಕಡೆ ಇದ್ದಕ್ಕಿದ್ದಂತೆ ಒತ್ತೊತ್ತಾಗಿ ಗರಗಸದ ಹಲ್ಲಿನ ಹಾಗೆ ಆಗಿದೆ. ನಾಲ್ಕು ತಿಂಗಳಿಂದ ನನ್ನನ್ನು ಹೆದರಿಸಿದ್ದು ಇಷ್ಟೇನಾ ಅಂತ ನೋಡುತ್ತಲೇ ಕೂತೆ. ಹೆಸರು ಎಸ್‌ವಿಟಿ. ಎಕೋ ಸ್ಕ್ಯಾನ್‌ನಲ್ಲಿ ಹೃದಯ ಚೆನ್ನಾಗಿದೆ, ಹಿಂಡುವ ಶಕ್ತಿ 62%.

ಫಾರ್ಮಿನಲ್ಲಿ ಆ ಸಾಲಿಗೆ "ಪ್ರಜ್ಞೆ ತಪ್ಪಿಲ್ಲ, ಕಣ್ಣು ಕತ್ತಲೆ ಬಂದಿದೆ, ಚಿಕಿತ್ಸೆಯಲ್ಲಿದ್ದೇನೆ" ಅಂತ ಬರೆದೆ. ಮೆಡಿಕಲ್ ಡಾಕ್ಟರು ಸಹಿ ಹಾಕಲಿಲ್ಲ, ಅಬ್ಲೇಶನ್ ಮುಗಿಸಿ ಹೃದಯದ ಡಾಕ್ಟರ ಪತ್ರ ತಗೊಂಡು ಬಾ ಅಂದರು. ಮುಂದಿನ ಮಂಗಳವಾರ ಅಬ್ಲೇಶನ್. ಬಡಿತದ ವೇಗ ಇಳಿಸುವ ಮೆಟೊಪ್ರೊಲಾಲ್ ಮಾತ್ರೆ ತಗೋತಿದ್ದೇನೆ. ಅದನ್ನು ನಿಲ್ಲಿಸಬೇಕಾ? ಟೇಬಲ್ ಮೇಲೆ ಏನಾಗುತ್ತೆ ಅಂತ ಸ್ವಲ್ಪ ಹೇಳಿ ಅಕ್ಕ, ಭಯ ಇದೆ.

ತಂತಿ ಲ್ಯಾಬ್:

ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸಾಮಾನ್ಯವಾಗಿ ಕೆಲವು ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ, ಯಾಕಂದರೆ ಆ ಬಡಿತವನ್ನು ನಾವು ಟೇಬಲ್ ಮೇಲೆ ಎಬ್ಬಿಸಬೇಕು. ಯಾವ ದಿನದಿಂದ ಅಂತ ನಾಳೆಯೇ ಫೋನ್ ಮಾಡಿ ಕೇಳಿ.

ತೊಡೆಯ ಸಂದಿಯಲ್ಲಿ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ, ಅಲ್ಲಿನ ರಕ್ತನಾಳದಿಂದ ತೆಳ್ಳನೆಯ ತಂತಿಗಳನ್ನು ಹೃದಯಕ್ಕೆ ಕಳಿಸುತ್ತಾರೆ. ಬಹಳ ಜನಕ್ಕೆ ಪೂರ್ತಿ ನಿದ್ದೆ ಕೊಡುವುದಿಲ್ಲ. ಮಧ್ಯೆ ಎದೆ ಡವಡವ ಶುರುವಾಗುತ್ತದೆ, ಆಗ ಹೆದರಬೇಡಿ. ಅದು ನಾವೇ ಎಬ್ಬಿಸಿದ್ದು, ನಿಲ್ಲಿಸುವುದೂ ನಮ್ಮ ಕೈಯಲ್ಲೇ ಇರುತ್ತದೆ. ನಿಧಾನದ ದಾರಿ ಸಿಕ್ಕ ಮೇಲೆ ತಂತಿಯ ತುದಿಯಿಂದ ಆ ಜಾಗವನ್ನು ಬಿಸಿ ಮಾಡಿ ಮುಚ್ಚುತ್ತಾರೆ. ಪಕ್ಕದಲ್ಲೇ ಹೃದಯದ ಮುಖ್ಯ ಕರೆಂಟ್ ದಾರಿ ಇರುವುದರಿಂದ ನಿಧಾನವಾಗಿ ಮಾಡುತ್ತಾರೆ. 100ರಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ ಅಲ್ಲಿ ಏಟು ಬಿದ್ದು ಪೇಸ್‌ಮೇಕರ್ ಬೇಕಾಗುತ್ತದೆ. ಇದನ್ನು ಸಹಿ ಹಾಕುವ ಮೊದಲು ಡಾಕ್ಟರ ಬಾಯಿಂದಲೇ ಕೇಳಿ. ಆಮೇಲೆ ಮತ್ತೆ ಮತ್ತೆ ಎಬ್ಬಿಸಲು ನೋಡುತ್ತೇವೆ. ಏಳದಿದ್ದರೆ ಮುಗಿಯಿತು.

ಅದಾದ ಮೇಲೆ ಕೆಲವು ಗಂಟೆ ಕಾಲು ನೇರ ಇಟ್ಟು ಮಲಗಬೇಕು. ಒಂದು ವಾರ ಭಾರ ಎತ್ತಬೇಡಿ. ಟಾರ್ಪಾಲ್ ಅಂತೂ ಮುಟ್ಟಲೇಬೇಡಿ, ಕ್ಲೀನರ್ ಹುಡುಗನಿಗೆ ಹೇಳಿ.

ದೂರದಾರಿ:

ಫೋನ್ ಮಾಡಿದೆ ಅಕ್ಕ. ಶುಕ್ರವಾರದಿಂದ ಮಾತ್ರೆ ನಿಲ್ಲಿಸಲು ಹೇಳಿದರು. ಮಂಗಳವಾರ ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಕ್ಲೀನರ್ ಹುಡುಗನೂ ಬರುತ್ತೇನೆ ಅಂದಿದ್ದಾನೆ.